ಹಲ್ಮಿಡಿ: ಊರಿನ ಹೆಸರಿದೆ, ಜನರ ಲೆಕ್ಕ ಇಲ್ಲ

ಹಲ್ಮಿಡಿ ಅಂದ್ರೆ ಶಾಲೇಲಿ ಓದಿದ ಶಾಸನ ನೆನಪಾಗುತ್ತೆ ಅಲ್ವಾ? ಬೇಲೂರು ತಾಲ್ಲೂಕಿನ ಈ ಪುಟ್ಟ ಹಳ್ಳೀಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಗುರುತಿಸಿದ್ದು, ಕಾಲ ಕ್ರಿ.ಶ. 450ರ ಸುಮಾರು. ಲಿಪಿ, ಭಾಷೆ ಬಗ್ಗೆ ಎಲ್ರೂ ಮಾತಾಡ್ತಾರೆ. ಇವತ್ತು ಆ ಊರಿನ ಜನರ ಬಗ್ಗೆ ಮಾತಾಡೋಣ.

ಪಲ್ಲವರು, ಕೇಕಯರ ವಿರುದ್ಧ ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಅನ್ನೋ ಎರಡು ಊರು ಕೊಟ್ಟರು ಅನ್ನುತ್ತೆ ಶಾಸನ. ಇದಕ್ಕೆ ‘ಬಾಳ್ಗಳ್ಚು’ ಅಂತ ಹೆಸರು. ಬಾಳ್ ಅಂದ್ರೆ ಕತ್ತಿ. ಕತ್ತಿ ತೊಳೆದು ವೀರನಿಗೆ ಕೊಡೋ ಉಡುಗೊರೆ. ಪಲ್ಮಡಿಯೇ ಇವತ್ತಿನ ಹಲ್ಮಿಡಿ. ‘ಪುಲಿ’ ಹುಲಿ ಆಗ್ಲಿಲ್ವಾ, ಹಾಗೇ.

ಕೊಟ್ಟವರ ಹೆಸರಿದೆ, ಪಡೆದವನ ಹೆಸರಿದೆ. ದಾನ ಕಸಿದವನಿಗೆ ಮಹಾಪಾಪ ಅಂತಲೂ ಇದೆ. ಬ್ರಾಹ್ಮಣರಿಗೆ ಹತ್ತರಲ್ಲೊಂದು ಪಾಲು ಬಿಟ್ಟಿದ್ದೂ ಇದೆ. ಸರಿ, ಆ ಪಾಲನ್ನ ಬೆಳೆದೋರು ಯಾರು? ಎಷ್ಟು ಮನೆ ಇದ್ವು? ಒಂದಕ್ಷರ ಇಲ್ಲ! ಗದ್ದೆ ಜೊತೆಗೆ ಅವರ ದುಡಿಮೆಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯ್ತು ಅಂತಲೇ ನಾನು ಓದ್ಕೊಳ್ತೀನಿ.

ಮೈಸೂರು ಸೀಮೇಲಿ ವ್ಯವಸ್ಥಿತ ಜನಗಣತಿ ನಡೆದದ್ದು 1871ರಲ್ಲಿ. ಊರಿನ ಹೆಸರು ಕಲ್ಲಿಗೆ ಬಿದ್ದು ಸುಮಾರು 1400 ವರ್ಷ ಆದ್ಮೇಲೆ ಉಳುವವನೂ ಲೆಕ್ಕಕ್ಕೆ ಬಂದ. ಅಂದ ಹಾಗೆ, ಶಾಸನ ನೋಡೋಕೆ ಹಲ್ಮಿಡಿಗೆ ಹೋದ್ರೆ ಅಲ್ಲಿ ಸಿಗೋದು ಪ್ರತಿಕೃತಿ. ಮೂಲ ಕಲ್ಲು ಮೈಸೂರಲ್ಲಿದೆ.