ಹೊಗೆಯಲ್ಲಿನ ಪಾದರಸವನ್ನು ಅಳೆದ ಬಗೆ

ಒಂದು ಟನ್ ಕಲ್ಲಿದ್ದಲಿನಲ್ಲಿ ಇರುವ ಪಾದರಸ ಸುಮಾರು 0.1 ಗ್ರಾಂ. ಅಷ್ಟು ಕಲ್ಲಿದ್ದಲು ಉರಿದಾಗ ಹೆಚ್ಚುಕಡಿಮೆ 10,000 ಘನ ಮೀಟರ್ ಹೊಗೆ ಹೊರಬೀಳುತ್ತದೆ. ಭಾಗಿಸಿ ನೋಡಿ, ಘನ ಮೀಟರಿಗೆ 10 ಮೈಕ್ರೋಗ್ರಾಂ! ಇಷ್ಟು ಅಲ್ಪವನ್ನು ಅಳೆಯುವುದು ಹೇಗೆ?

ಭೌತವಿಜ್ಞಾನದಲ್ಲಿ ಅರ್ಧ ಉತ್ತರ ಮೊದಲೇ ಸಿದ್ಧವಿತ್ತು. ಪಾದರಸದ ಪರಮಾಣುಗಳು 253.7 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕನ್ನು ಬಲವಾಗಿ ಹೀರುತ್ತವೆ. 1939ರಲ್ಲಿ ಅಮೆರಿಕದ ವುಡ್‌ಸನ್ ಈ ಗುಣವನ್ನು ಬಳಸಿ ಪಾದರಸದ ಆವಿಯನ್ನು ಪತ್ತೆ ಮಾಡುವ ಉಪಕರಣವನ್ನು ವಿವರಿಸಿದರು. 1968ರಲ್ಲಿ ಹ್ಯಾಚ್ ಮತ್ತು ಆಟ್, ದ್ರಾವಣದಲ್ಲಿರುವ ಪಾದರಸವನ್ನು ಧಾತುರೂಪಕ್ಕೆ ತಂದು ಆವಿಯಾಗಿಸಿ ಅಳೆಯುವ ‘ಶೀತ ಆವಿ’ ವಿಧಾನವನ್ನು ಪ್ರಕಟಿಸಿದರು.

ಆದರೆ ಚಿಮಣಿ ಪ್ರಯೋಗಶಾಲೆಯಲ್ಲ. ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಕೂಡ ಅದೇ ಬೆಳಕನ್ನು ಹೀರುತ್ತದೆ. ಇದಕ್ಕಿಂತ ದೊಡ್ಡ ತೊಡಕು ಪಾದರಸದ್ದೇ. ಕುಲುಮೆಯ ಕಾವಿನಲ್ಲಿ ಅದು ಧಾತುರೂಪದ ಆವಿ. ಹೊಗೆ ತಣಿಯುವಾಗ ಕ್ಲೋರಿನ್ ಜೊತೆ ಸೇರಿ ಒಂದಂಶ ಕ್ಲೋರೈಡ್ ಆಗುತ್ತದೆ, ಇನ್ನೊಂದಂಶ ಹಾರುಬೂದಿಗೆ ಅಂಟುತ್ತದೆ. ಬೆಳಕಿನ ಕಣ್ಣಿಗೆ ಬೀಳುವುದು ಧಾತುರೂಪ ಮಾತ್ರ. ಈ ಭೇದ ಬರಿಯ ಪಾಂಡಿತ್ಯದ ಮಾತಲ್ಲ. ನೀರಿನಲ್ಲಿ ಕರಗುವ ಕ್ಲೋರೈಡ್ ಮಳೆಯೊಡನೆ ಸ್ಥಾವರದ ಸುತ್ತಮುತ್ತಲೇ ನೆಲಕ್ಕೂ ಕೆರೆಗೂ ಇಳಿಯುತ್ತದೆ; ಧಾತುರೂಪದ ಆವಿ ತಿಂಗಳುಗಟ್ಟಲೆ ತೇಲಿ ಖಂಡಗಳನ್ನು ದಾಟುತ್ತದೆ.

ರೂಪಗಳನ್ನು ಬೇರ್ಪಡಿಸಿದ್ದು ರಸಾಯನವಿಜ್ಞಾನ. 1990ರ ದಶಕದಲ್ಲಿ ಕೆನಡಾದ ಒಂಟಾರಿಯೋ ಹೈಡ್ರೋ ವಿದ್ಯುತ್ ಸಂಸ್ಥೆಯಲ್ಲಿ ರೂಪುಗೊಂಡ ವಿಧಾನದಲ್ಲಿ ಹೊಗೆಯನ್ನು ಮೊದಲು ಶೋಧಕದ ಮೂಲಕ, ಬಳಿಕ ಮಂಜುಗಡ್ಡೆಯಲ್ಲಿಟ್ಟ 8 ಗಾಜಿನ ಸೀಸೆಗಳ ಮೂಲಕ ಹಾಯಿಸುತ್ತಾರೆ. ಬೂದಿಯ ಪಾದರಸ ಶೋಧಕದಲ್ಲಿ ನಿಲ್ಲುತ್ತದೆ. ಮೊದಲ ಮೂರು ಸೀಸೆಗಳ ಪೊಟಾಸಿಯಂ ಕ್ಲೋರೈಡ್ ದ್ರಾವಣ ಕ್ಲೋರೈಡ್ ರೂಪವನ್ನು ಹಿಡಿಯುತ್ತದೆ. ಧಾತುರೂಪವನ್ನು ಹಿಡಿಯುವ ಮುಖ್ಯ ಕೆಲಸ ಕೊನೆಯಲ್ಲಿರುವ ಆಮ್ಲೀಯ ಪರ್ಮಾಂಗನೇಟಿನದು. ನಡುವಿನ ಹೈಡ್ರೋಜನ್ ಪೆರಾಕ್ಸೈಡ್ ಸೀಸೆ ಗಂಧಕದ ಡೈಆಕ್ಸೈಡನ್ನು ತಡೆಯುತ್ತದೆ. ಇಲ್ಲದಿದ್ದರೆ ಪರ್ಮಾಂಗನೇಟಿನ ನೇರಳೆ ಬಣ್ಣ ಮಾಸಿ, ದಿನದ ಶ್ರಮವೆಲ್ಲ ವ್ಯರ್ಥ. ಸೀಸೆಗಳಲ್ಲಿ ಸಿಕ್ಕಿದ್ದನ್ನು ಅಳೆಯುವುದು ಮಾತ್ರ ಅದೇ ಹಳೆಯ 253.7 ನ್ಯಾನೋಮೀಟರ್ ಬೆಳಕು!

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಸುಮಾರು 80 ಸ್ಥಾವರಗಳಲ್ಲಿ ಈ ವಿಧಾನವನ್ನು ಬಳಸಿ ಅಳತೆ ಮಾಡಿಸಿತು. ಆ ವರ್ಷ ಉರಿದ ಕಲ್ಲಿದ್ದಲಿನಲ್ಲಿದ್ದ ಸುಮಾರು 75 ಟನ್ ಪಾದರಸದಲ್ಲಿ 48 ಟನ್ ಗಾಳಿ ಸೇರಿತೆಂದು ಅಂದಾಜಾಯಿತು. ಕ್ಲೋರಿನ್ ಹೆಚ್ಚಿರುವ ಬಿಟುಮಿನಸ್ ಕಲ್ಲಿದ್ದಲಿನ ಪಾದರಸ ಬಹುಮಟ್ಟಿಗೆ ಶುದ್ಧೀಕರಣ ಸಾಧನಗಳಲ್ಲೇ ಸಿಕ್ಕಿಬೀಳುತ್ತದೆ, ಲಿಗ್ನೈಟಿನದು ತಪ್ಪಿಸಿಕೊಳ್ಳುತ್ತದೆ ಎಂಬುದೂ ತಿಳಿಯಿತು. 2005ರಲ್ಲಿ ಬಂದ ನಿಯಮವನ್ನು ನ್ಯಾಯಾಲಯ 2008ರಲ್ಲಿ ರದ್ದುಮಾಡಿತು. ಮತ್ತೊಂದು ನಿಯಮ ಬಂದದ್ದು 2011ರ ಕೊನೆಗೆ.

ಭಾರತ 2015ರ ಡಿಸೆಂಬರಿನಲ್ಲಿ ಉಷ್ಣವಿದ್ಯುತ್ ಸ್ಥಾವರಗಳ ಪಾದರಸಕ್ಕೆ ಘನ ಮೀಟರಿಗೆ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೋಗ್ರಾಂ ಮಿತಿಯನ್ನು ಗೊತ್ತುಪಡಿಸಿತು. ಆರಂಭದ ಲೆಕ್ಕದ ಪಕ್ಕದಲ್ಲಿಟ್ಟರೆ ಇದು ಸಡಿಲವೆಂದೇ ನನ್ನ ಅಭಿಪ್ರಾಯ. ಇದು ಒಟ್ಟು ಪಾದರಸದ ಮಿತಿ. ಅದರಲ್ಲಿ ಊರ ಕೆರೆಗೆ ಇಳಿಯುವುದೆಷ್ಟು, ಕಡಲು ದಾಟುವುದೆಷ್ಟು ಎಂದು ಕೇಳುವುದಿಲ್ಲ.