ಬ್ಯಾಕ್ಟೀರಿಯಾ ಶರೀರಕ್ರಿಯೆ ಮತ್ತು ತಳಿವಿಜ್ಞಾನ

ಬ್ಯಾಕ್ಟೀರಿಯಾಗಳ ಪೋಷಣೆ, ಉಸಿರಾಟ, ಬೆಳವಣಿಗೆ ಹಾಗೂ ಆನುವಂಶಿಕ ಗುಣಗಳ ವರ್ಗಾವಣೆಯನ್ನು ಅಭ್ಯಸಿಸುವ ಸೂಕ್ಷ್ಮಜೀವಿವಿಜ್ಞಾನದ ಶಾಖೆ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ಪಠ್ಯವಿಷಯ. ತಳಿವಿಜ್ಞಾನ ಭಾಗದ ಮೂಲ ಗ್ರಿಫಿತ್‌ನ 1928ರ ಪ್ರಯೋಗ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಸತ್ತ ಕೋಶಗಳ ಗುಣ ಜೀವಂತ ಕೋಶಗಳಿಗೆ ದಾಟುವುದನ್ನು ಆತ ಕಂಡುಕೊಂಡ. ಹಾಗೆ ದಾಟಿದ ವಸ್ತು ಡಿಎನ್‌ಎ ಎಂಬುದನ್ನು 1944ರಲ್ಲಿ ಏವರಿ, ಮೆಕ್ಲಿಯಡ್ ಮತ್ತು ಮೆಕಾರ್ಟಿ ತೋರಿಸಿದರು. ಎರಡು ಜೀವಕೋಶಗಳು ಕೂಡಿ ಜೀನ್ ಹಂಚಿಕೊಳ್ಳುವ ಸಂಯುಗ್ಮನವನ್ನು ಲೆಡರ್‌ಬರ್ಗ್ ಮತ್ತು ಟೇಟಮ್ 1946ರಲ್ಲಿ ವರದಿ ಮಾಡಿದರು.

1961ರಲ್ಲಿ ಜಾಕೋಬ್ ಮತ್ತು ಮೊನೊ ಮಂಡಿಸಿದ, ಜೀನ್‌ಗಳ ಗುಂಪೊಂದು ಒಟ್ಟಾಗಿ ನಿಯಂತ್ರಣಗೊಳ್ಳುತ್ತದೆ ಎನ್ನುವ ಆಪೆರಾನ್ ಸಿದ್ಧಾಂತ ಈ ವಿಷಯದ ಕೇಂದ್ರ. ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಒದಗಿಸಿದರೆ ಅದು ಮೊದಲು ಗ್ಲೂಕೋಸನ್ನು ಬಳಸುತ್ತದೆ. ಅದು ಮುಗಿದು, ನಡುವೆ ಬೆಳವಣಿಗೆ ತುಸು ನಿಂತ ಬಳಿಕವೇ ಲ್ಯಾಕ್ಟೋಸ್ ಜೀರ್ಣಿಸುವ ಕಿಣ್ವಗಳ ಜೀನ್‌ಗಳು ಪೂರ್ಣವಾಗಿ ಕಾರ್ಯಾರಂಭಿಸುತ್ತವೆ. ಶರೀರಕ್ರಿಯೆ ಮತ್ತು ತಳಿವಿಜ್ಞಾನವನ್ನು ಜೊತೆಯಾಗಿ ಕಲಿಸುವುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಮಹದೇವನ್ ಇ. ಕೋಲಿಯ ಬಿಜಿಎಲ್ ಆಪೆರಾನನ್ನೂ ವಿ. ನಾಗರಾಜ ಕ್ಷಯದ ಬ್ಯಾಕ್ಟೀರಿಯಾ ಗುಂಪಿನ ಡಿಎನ್‌ಎ ಗೈರೇಸ್ ಕಿಣ್ವವನ್ನೂ ಅಭ್ಯಸಿಸಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸೂಕ್ಷ್ಮಜೀವಿವಿಜ್ಞಾನದ ಅಧ್ಯಯನ ವಿಭಾಗವಿದೆ. ಚಾಮರಾಜನಗರ ಜಿಲ್ಲೆಯಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಎಂಬಿಬಿಎಸ್ ವ್ಯಾಸಂಗದಲ್ಲಿ ಸೂಕ್ಷ್ಮಜೀವಿವಿಜ್ಞಾನದ ಅಂಗವಾಗಿ ಈ ವಿಷಯ ಬರುತ್ತದೆ. ಔಷಧ ನಿರೋಧಕ ಜೀನ್‌ಗಳನ್ನು ಹೊತ್ತ ಪ್ಲಾಸ್ಮಿಡ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡುವ ಬಗೆ ವೈದ್ಯ ವಿದ್ಯಾರ್ಥಿಗಳಿಗೆ ಇದರ ಅತಿ ಮುಖ್ಯ ಅಧ್ಯಾಯ.