ಉಕ್ಕಿನ ಮೂಸೆಯಿಂದ ಲಾರಿಯ ಪ್ಲೇಟಿನವರೆಗೆ

ಕರಾವಳಿಯ ಅಡುಗೆಮನೆಯ ಮೆಟ್ಟುಕತ್ತಿಯನ್ನು, ತೆಂಗಿನ ತೋಟದ ಕತ್ತಿಯನ್ನು ನೀವು ನೋಡಿರುತ್ತೀರಿ. ಅವುಗಳ ಲೋಹ ಎಲ್ಲಿಂದ ಬರುತ್ತದೆಂದು ಯೋಚಿಸಿದ್ದೀರಾ? ಕುಂಭಾಶಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಂತಹ ರಸ್ತೆಗಳಲ್ಲಿ ಓಡಿ ಸವೆದ ಲಾರಿಗಳ ಸ್ಪ್ರಿಂಗ್ ಪ್ಲೇಟುಗಳು ಗುಜರಿ ಸೇರುತ್ತವೆ. ಕಮ್ಮಾರರಿಗೆ ಅವು ಅಚ್ಚುಮೆಚ್ಚು. ಹವ್ಯಾಸಕ್ಕಾಗಿ ಚಾಕು ತಯಾರಿಸುವವರೂ ಲೋಕದಾದ್ಯಂತ ಇವನ್ನೇ ಹುಡುಕುತ್ತಾರೆ. ಅಂಗಡಿಯಲ್ಲಿ ಹೊಸ ಕಬ್ಬಿಣದ ಸರಳು ಸಿಗುವಾಗ ಹಳೆಯ ಪ್ಲೇಟು ಏಕೆ?

ಉತ್ತರ ಇಂಗಾಲದಲ್ಲಿದೆ. ಕಟ್ಟಡದ ಸರಳಿನಲ್ಲಿ ಇಂಗಾಲ ಸುಮಾರು ಶೇಕಡಾ 0.25 ಮಾತ್ರ; ಅದರಿಂದ ಮಾಡಿದ ಅಲಗು ಬೇಗ ಮೊಂಡಾಗುತ್ತದೆ. ಸ್ಪ್ರಿಂಗ್ ಪ್ಲೇಟಿನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿರುವುದರಿಂದ ಅದನ್ನು ಕಾಸಿ ಗಡಸುಗೊಳಿಸಬಹುದು.

ಈ ತಿಳಿವಿಗೆ ನಮ್ಮ ನಾಡಿನಲ್ಲಿ ದೀರ್ಘ ಇತಿಹಾಸವಿದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಕುಂದಾಪುರದ ಮೂಲಕ ಉತ್ತರಕ್ಕೆ ಸಾಗಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಉಕ್ಕು ತಯಾರಿಕೆಯನ್ನು ತನ್ನ 1807ರ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳನ್ನಿಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣದಲ್ಲಿ ಬೆರೆತು ಉಕ್ಕಾಗುತ್ತಿತ್ತು. ಯುರೋಪಿನಲ್ಲಿ ಇದಕ್ಕೆ ‘ವೂಟ್ಜ್’ ಎಂದು ಹೆಸರು. ಅದು ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶವೆಂಬ ಅಭಿಪ್ರಾಯ ವ್ಯಾಪಕವಾಗಿದೆ.

1795ರಲ್ಲಿ ಜಾರ್ಜ್ ಪಿಯರ್ಸನ್ ಇದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದ. 1819ರಲ್ಲಿ ಇದನ್ನು ವಿಶ್ಲೇಷಿಸಿದವನು ಮೈಕೆಲ್ ಫ್ಯಾರಡೆ. ಅವನ ತಂದೆಯೂ ಕಮ್ಮಾರನೇ! ಆದರೆ ಅಲ್ಯೂಮಿನಾ, ಸಿಲಿಕಾಗಳಿಂದ ಈ ಉಕ್ಕಿಗೆ ವಿಶೇಷ ಗುಣ ಬಂದಿದೆಯೆಂಬ ಅವನ ತೀರ್ಮಾನ ಸರಿಯಾಗಲಿಲ್ಲ. ಮುಖ್ಯ ಕಾರಣ ಹೆಚ್ಚಿನ ಇಂಗಾಲವೆಂದು 1820ರ ದಶಕದಲ್ಲಿ ಫ್ರಾನ್ಸಿನ ಬ್ರೆಯಾಂ ಗುರುತಿಸಿದ. ಅಷ್ಟರಲ್ಲಿ ಈ ಕಸುಬು ಕ್ಷೀಣಿಸತೊಡಗಿತ್ತು. ಈ ಉಕ್ಕಿನ ಅಲಗುಗಳ ಮೇಲೆ ಅಲೆಯಂತೆ ಕಾಣುವ ವಿನ್ಯಾಸದ ಗುಟ್ಟೂ ಅದರೊಂದಿಗೆ ಮರೆಯಾಯಿತು. ಅದನ್ನು ಮತ್ತೆ ಹುಡುಕಲು ಅಮೆರಿಕದ ಲೋಹವಿಜ್ಞಾನಿ ಜಾನ್ ವರ್‌ಹೋವನ್, ಅಲಗು ತಯಾರಕ ಆಲ್‌ಫ್ರೆಡ್ ಪೆಂಡ್ರೆಯೊಡನೆ ಕೈಜೋಡಿಸಬೇಕಾಯಿತು. ಅತ್ಯಲ್ಪ ಪ್ರಮಾಣದ ವೆನೇಡಿಯಮ್‌ನಂತಹ ಕಲ್ಮಶಗಳೇ ವಿನ್ಯಾಸಕ್ಕೆ ಕಾರಣವೆಂದು 1998ರಲ್ಲಿ ಅವರು ವಾದಿಸಿದರು. ಸುತ್ತಿಗೆ ಬಲ್ಲವನಿಲ್ಲದೆ ಸೂಕ್ಷ್ಮದರ್ಶಕವೊಂದೇ ಈ ಗುಟ್ಟನ್ನು ಬಿಡಿಸಲಾರದಾಗಿತ್ತು.

ಈಗ ನಮ್ಮ ಸ್ಪ್ರಿಂಗ್ ಪ್ಲೇಟಿಗೆ ಮರಳೋಣ. ಕುಲುಮೆಯಲ್ಲಿ ಕಾದು ಕೆಂಪಾದ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಇದು ಹವ್ಯಾಸಿಗಳ ಅಗ್ಗದ ಉಷ್ಣಮಾಪಕ! ಈ ಹಂತದಲ್ಲಿ ಪರಮಾಣುಗಳ ಜೋಡಣೆ ಬದಲಾಗಿ, ಇಂಗಾಲ ಅದರೊಳಗೆ ಕರಗಿರುತ್ತದೆ. ಇನ್ನು ಸ್ವಲ್ಪ ಕಾಯಿಸಿ ಥಟ್ಟನೆ ಎಣ್ಣೆಯಲ್ಲಿ ಅದ್ದಿದರೆ ಇಂಗಾಲಕ್ಕೆ ಹೊರಬರಲು ವೇಳೆಯೇ ಸಿಗದು. ಆಗ ‘ಮಾರ್ಟೆನ್ಸೈಟ್’ ಎಂಬ ಅತಿ ಗಡಸು ರಚನೆ ಉಂಟಾಗುತ್ತದೆ. ಆದರೆ ಅದು ಗಾಜಿನಂತೆ ಪೆಡಸು. ಕೈಜಾರಿ ಬಿದ್ದರೂ ಒಡೆಯಬಹುದು.

ಆದ್ದರಿಂದ ಅಲಗನ್ನು ಮತ್ತೆ ಹದವಾಗಿ ಬಿಸಿ ಮಾಡಬೇಕು. ಉಜ್ಜಿ ಹೊಳಪಿಸಿದ ಮೈಮೇಲೆ ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ, 300 ಡಿಗ್ರಿಯ ಹೊತ್ತಿಗೆ ನೀಲಿ ಕಾಣುತ್ತದೆ. ಆಕ್ಸೈಡಿನ ತೆಳುಪದರ ದಪ್ಪವಾಗುತ್ತಿದ್ದಂತೆ ಬೆಳಕಿನ ವ್ಯತಿಕರಣದಿಂದ ಬಣ್ಣ ಬದಲಾಗುತ್ತದೆ. ಸಾಬೂನಿನ ಗುಳ್ಳೆಯ ಬಣ್ಣಗಳಿಗೂ ವ್ಯತಿಕರಣವೇ ಕಾರಣ. ಚಾಕುವಿಗೆ ಹುಲ್ಲಿನ ಬಣ್ಣ ಸಾಕು. ಬಳುಕಬೇಕಾದ ಸ್ಪ್ರಿಂಗಿಗೆ ನೀಲಿ ಬೇಕು. ಈ ಬಣ್ಣಗಳನ್ನು ಓದುವ ಕಮ್ಮಾರ, ವ್ಯತಿಕರಣವೆಂಬ ಹೆಸರು ಕೇಳದಿದ್ದರೂ ಅದರ ಫಲವನ್ನು ನಿತ್ಯ ಬಳಸುತ್ತಿರುತ್ತಾನೆ.

ಒಂದು ಎಚ್ಚರಿಕೆ: ಗುಜರಿಯ ಎಲ್ಲ ಕಬ್ಬಿಣವೂ ಕುಲುಮೆಗೆ ಯೋಗ್ಯವಲ್ಲ. ಸತುವಿನ ಲೇಪವಿರುವ ಕೊಳವೆ, ತಗಡುಗಳನ್ನು ಕಾಯಿಸಬಾರದು. ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಹೊಗೆ ಸೇವಿಸಿದವರಿಗೆ ಚಳಿಜ್ವರ ಬರುತ್ತದೆ. ಬಿರುಕು ಬಿಟ್ಟ ಪ್ಲೇಟೂ ಬೇಡ. ಕಣ್ಣಿಗೆ ಕಾಣದ ಬಿರುಕು ಅಲಗಿನಲ್ಲೂ ಉಳಿದುಬಿಡುತ್ತದೆ.

ಶಿಕ್ಷಕರೇ, ನಿಮ್ಮೂರಿನಲ್ಲಿ ಕುಲುಮೆಯಿದ್ದರೆ ವಿದ್ಯಾರ್ಥಿಗಳನ್ನು ಒಮ್ಮೆ ಕರೆದೊಯ್ಯಿರಿ. ಯಾವ ಕೆಂಪಿಗೆ ಅದ್ದುತ್ತಾರೆ, ಯಾವ ಬಣ್ಣಕ್ಕೆ ನಿಲ್ಲಿಸುತ್ತಾರೆ, ಏಕೆ ಎಂದು ಕೇಳಿ ಬರೆದುಕೊಳ್ಳಲಿ. ಮೂಸೆಯ ಉಕ್ಕು ಮಾಡಿದವರನ್ನು ಹಾಗೆ ಕೂಲಂಕಷವಾಗಿ ಕೇಳಿದವರು ವಿರಳ. ಅವರ ಕೈ ಬಲ್ಲದ್ದನ್ನು ಮತ್ತೆ ತಿಳಿಯಲು ವಿಜ್ಞಾನಕ್ಕೆ ಇನ್ನೂರು ವರ್ಷಗಳೇ ಹಿಡಿದವು.